ಗಲೂಲ್ ಮರದ ಇದ್ದಲು

ಹವಲ್ಲಿ, ಕುವೈತ್
16 ಜನವರಿ 2014, ಗುರುವಾರ

ಪ್ರೀತಿಯ ತಮ್ಮ ನಿಸಾರನಿಗೆ,

ಅಸ್ಸಲಾಮು ಅಲೈಕುಂ. ಹೇಗಿದ್ದೀ? ಬೆನ್ನುನೋವು ಕಡಿಮೆಯಾಯಿತೇ? ಆ ಮಲಯಾಳಿ ವೈದ್ಯರು ಕೊಟ್ಟ ಎಣ್ಣೆಯನ್ನು ಹಚ್ಚಿಕೊಳ್ಳುತ್ತಿದ್ದೀಯೋ, ಬಾಟಲಿಯನ್ನು ಕಿಟಕಿಯಲ್ಲಿಟ್ಟು ಮರೆತಿದ್ದೀಯೋ? ಸಿಟ್ಟಿನಲ್ಲಿ ಬರೆಯಲು ಕೂತವನು ನಾನು. ಆದರೂ ಇದನ್ನು ಮೊದಲು ಕೇಳದೆ ಪೆನ್ನು ಮುಂದೆ ಹೋಗಲಿಲ್ಲ. ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಅತ್ತಿಗೆ ಸೈನಬಾಳಿಗೆ ಧೂಳಿನ ಕೆಮ್ಮು ಇನ್ನೂ ಬಿಟ್ಟಿಲ್ಲ. ಮಗಳು ಫಿದಾ ಈಗ ಹತ್ತನೆಯ ತರಗತಿ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಅಭ್ಯಾಸ ಹಾಗೆಯೇ ಇದೆ. ಊರಿನಿಂದ ತಂಗಿ ಜೈನಬಾ ಫೋನ್ ಮಾಡಿದ್ದಳು. ಉಮ್ಮನ ಬಲಗಣ್ಣಿನ ಪೊರೆ ತೆಗೆಸಿದ್ದಾಳೆ. ಕಟ್ಟು ಬಿಚ್ಚಿದ ಕೂಡಲೇ ಉಮ್ಮ ಮಾಡಿದ ಮೊದಲ ಕೆಲಸ, ಜೈನಬಾಳ ಅಡುಗೆಮನೆಯ ಮೂಲೆಯಲ್ಲಿದ್ದ ಜೇಡರ ಬಲೆ ತೋರಿಸಿ ಬೈದದ್ದಂತೆ. ಸಫೂರಾ ಮಗುವನ್ನು ಕರೆದುಕೊಂಡು ಪಾಣೆಮಂಗಳೂರಿಗೆ ಹೋಗಿ ಉಮ್ಮನನ್ನು ನೋಡಿಕೊಂಡು ಬಂದಳಂತೆ. ನಿನ್ನ ಹೆಂಡತಿಯ ಸುದ್ದಿಯನ್ನು ನಿನಗೆ ನಾನು ತಿಳಿಸಬೇಕಾಗಿ ಬಂದಿದೆ, ಯಾಕೆಂದರೆ ಅವಳ ಫೋನನ್ನೂ ನೀನು ಎತ್ತುತ್ತಿಲ್ಲವಂತೆ.

ಫೋನಿರುವಾಗ ಈ ಅಣ್ಣ ಕಾಗದ ಯಾಕೆ ಬರೆದ ಎಂದು ನಿನಗೆ ನಗು ಬರಬಹುದು. ಫೋನಿನಲ್ಲಿ ನೀನು ನನ್ನ ಮಾತನ್ನು ಮುಗಿಯಲು ಬಿಡುವುದಿಲ್ಲ. ನಾನು ಇದ್ದಲಿನ ಮಾತು ತೆಗೆದ ಕೂಡಲೇ "ಅಣ್ಣಾ, ನೆಟ್‌ವರ್ಕ್ ಇಲ್ಲ" ಎನ್ನುತ್ತೀ. ಶಾರ್ಜಾದಂಥ ಊರಿನಲ್ಲಿ, ಕಡಲ ಮಗ್ಗುಲಲ್ಲಿ ನಿಂತವನಿಗೆ, ನನ್ನ ದನಿ ಕೇಳಿದಾಗ ಮಾತ್ರ ನೆಟ್‌ವರ್ಕ್ ಹೋಗುತ್ತದೆ. ಕಾಗದಕ್ಕೆ ಆ ತೊಂದರೆ ಇಲ್ಲ. ನೀನು ಇದನ್ನು ಹರಿದು ಹಾಕಬಹುದು, ಆದರೆ ಹರಿಯುವ ಮೊದಲು ಪೂರ್ತಿ ಓದುತ್ತೀ. ನಿನ್ನ ಗುಣ ನನಗೆ ಗೊತ್ತು. ಸಾಲ್ಮಿಯಾದಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ನಮ್ಮ ಅಬ್ದುಲ್ ರಹಿಮಾನ್ ಶನಿವಾರ ರಾತ್ರಿ ಶಾರ್ಜಾಕ್ಕೆ ಬರುತ್ತಿದ್ದಾನೆ. ಅವನು ಕಾಗದವನ್ನು ನಿನ್ನ ಕೈಯಲ್ಲೇ ಕೊಡುತ್ತಾನೆ, ಬೇರೆ ಯಾರ ಕೈಗೂ ಕೊಡಬೇಡ ಎಂದು ಹೇಳಿದ್ದೇನೆ.

ಈಗ ಇಲ್ಲಿ ಜನವರಿ ಎಂದರೆ ಹೇಗೆ ಎಂದು ನಿನಗೆ ಹೇಳಬೇಕಾಗಿಲ್ಲ. ಇಡೀ ಕುವೈತ್ ಮರುಭೂಮಿಯಲ್ಲಿ ಡೇರೆ ಹಾಕಿ ಕೂತಿದೆ. ಡೇರೆಗೊಂದು ಒಲೆ, ಒಲೆಯ ಮೇಲೆ ಮಾಂಸ, ಪಕ್ಕದಲ್ಲಿ ಸೇದುವ ಶೀಶಾ ಹುಕ್ಕಾ. ವರ್ಷದ ವ್ಯಾಪಾರದಲ್ಲಿ ಅರ್ಧ ನಮಗೆ ಈ ಎರಡು ತಿಂಗಳಲ್ಲಿ ಆಗುತ್ತದೆ. ಇಂಥ ಸಮಯದಲ್ಲಿ ನಮ್ಮ ಅಂಗಡಿಯ ಶಟರ್ ಅರ್ಧಕ್ಕೆ ಇಳಿದಿದೆ. ಗಿರಾಕಿಗಳು ಬಗ್ಗಿ ಒಳಗೆ ನೋಡಿ, "ಫಹಮ್ ಇಲ್ಲವಾ?" ಎಂದು ಕೇಳಿ ಹೋಗುತ್ತಾರೆ. ಇದ್ದಲಿನ ಅಂಗಡಿಯವನು ಇದ್ದಲು ಇಲ್ಲ ಎನ್ನುತ್ತಾನೆ. ಸುಲೈಬಿಯಾದ ಗೋದಾಮಿನಲ್ಲಿ ನೀನು ಕಳಿಸಿದ ಮೂಟೆಗಳು ಮಾಡಿನವರೆಗೆ ಏರಿ ನಿಂತಿವೆ. ಒಂದನ್ನೂ ನಾನು ಹೊರಗೆ ತೆಗೆಯುತ್ತಿಲ್ಲ. ಯಾಕೆ ಎಂದು ಕೇಳು.

ನವೆಂಬರಿನಲ್ಲಿ ಆ ಲಾರಿ ಬಂದಾಗ ಪುರಂದರನೇ ಮೊದಲ ಮೂಟೆ ಇಳಿಸಿದ್ದು. ಇಷ್ಟು ವರ್ಷ ನಮ್ಮ ಪಿಕಪ್ ಓಡಿಸಿ, ನಮ್ಮ ಮೂಟೆ ಹೊತ್ತು, ಬೆನ್ನಿನ ಅಂದಾಜಿನಲ್ಲೇ ತೂಕ ಹೇಳುವ ಸುರತ್ಕಲ್ಲಿನ ಗಂಡಸು. ಮೂಟೆ ಹೆಗಲಿಗೆ ಬಂದದ್ದೇ ಅವನು ನಿಂತುಬಿಟ್ಟ. "ಸಾಹೇಬ್ರೇ, ಇದು ಬೇರೆ ಉಂಟು. ಇದು ಹಳೇ ಮಾಲು," ಎಂದ. ಮೂಟೆಯ ಮೇಲೆ ಸಮುದ್ರದ ನಡುವಿನ ಒಂದು ಪುಟ್ಟ ದ್ವೀಪದೇಶದ ಹೆಸರು ಅಚ್ಚಾಗಿತ್ತು. ನಾನು ಮೂಟೆಯ ಬಾಯಿ ಬಿಚ್ಚಿ ಒಂದು ತುಂಡು ತೆಗೆದೆ. ಕೈಗೆ ಕಲ್ಲಿನ ಹಾಗೆ ಭಾರ. ಎರಡು ತುಂಡು ತಟ್ಟಿದರೆ ಕಬ್ಬಿಣದ ಹಾಗೆ ಸದ್ದು. ಮುರಿದಲ್ಲಿ ಹೊಳಪು. ಈ ಇದ್ದಲಿನ ಜೊತೆ ನಾನು ಎಷ್ಟು ವರ್ಷ ಕಳೆದಿದ್ದೇನೆ ನಿಸಾರ್, ನನ್ನ ಉಗುರಿನ ಒಳಗೆ ಇನ್ನೂ ಅದರ ಪುಡಿ ಇರಬೇಕು. ಅದು ಸೊಮಾಲಿಯಾದ ಇದ್ದಲು. ಶೀಶಾದವರು ಇದಕ್ಕಾಗಿ ಜೀವ ಬಿಡುತ್ತಿದ್ದರು. ನಿಧಾನವಾಗಿ ಉರಿಯುತ್ತದೆ, ಕಿಡಿ ಹಾರುವುದಿಲ್ಲ. ಎರಡು ವರ್ಷದ ಹಿಂದೆ, ಆ ದೇಶದ ಇದ್ದಲನ್ನು ಯಾರೂ ತರಬಾರದು, ಯಾರೂ ಕೊಳ್ಳಬಾರದು ಎಂದು ವಿಶ್ವಸಂಸ್ಥೆ ಹೇಳಿತು. ಅದರ ಹಣದಲ್ಲಿ ಬಂದೂಕು ಬರುತ್ತದೆ, ಅದಕ್ಕಾಗಿ ಕಾಡು ಹೋಗುತ್ತದೆ ಎಂದರು. ನಾನು ಅಂದೇ ಖಲಾಸ್ ಎಂದೆ. ಶೀಶಾ ಅಂಗಡಿಯವರು ಒಬ್ಬೊಬ್ಬರಾಗಿ ನಮ್ಮನ್ನು ಬಿಟ್ಟು ಹೋದರು. ಹೋಗಲಿ ಎಂದೆ. ಆಗ ನೀನು, "ನಾನು ಶಾರ್ಜಾಕ್ಕೆ ಹೋಗಿ ಬೇರೆ ಕಡೆಯ ಒಳ್ಳೆಯ ಮಾಲು ಹುಡುಕುತ್ತೇನೆ ಅಣ್ಣಾ, ಅಂಗಡಿ ಉಳಿಸೋಣ," ಎಂದೆ. ನನಗೆ ಎಷ್ಟು ಹೆಮ್ಮೆಯಾಗಿತ್ತು ಗೊತ್ತೇ. ವಿಮಾನ ನಿಲ್ದಾಣಕ್ಕೆ ನಾನೇ ಬಿಟ್ಟು ಬಂದೆ. ದಾರಿಯಲ್ಲಿ ನಿನಗೆ ಶವರ್ಮಾ ತೆಗೆಸಿಕೊಟ್ಟೆ, ಮಗುವಿಗೆ ಕೊಡಿಸಿದ ಹಾಗೆ.

ಲಾರಿ ಬಂದ ದಿನವೇ ನಿನಗೆ ಫೋನ್ ಮಾಡಿದೆ. ದ್ವೀಪದ್ದೇ ಅಣ್ಣಾ, ಕಾಗದಪತ್ರ ಎಲ್ಲ ಸರಿ ಇದೆ ಎಂದೆ ನೀನು. ತಮ್ಮನ ಬಾಯಿಂದ ಬಂದ ಮಾತು ಎಂದು ನಂಬಿ ನಾನು ಮಾರಲು ಶುರು ಮಾಡಿದೆ. ಮರುದಿನ ಫಿದಾ ಕಂಪ್ಯೂಟರಿನಲ್ಲಿ ಆ ದ್ವೀಪವನ್ನು ತೋರಿಸಿದಳು. ಭೂಪಟದಲ್ಲಿ ಸಾಸಿವೆಯಷ್ಟಿದೆ. ನೀವೆಲ್ಲ ಶಾರ್ಜಾ, ದುಬೈಯಲ್ಲಿ ಇಳಿಸುವ ಇದ್ದಲೆಲ್ಲ ಅಲ್ಲಿಂದ ಬರುವುದಾದರೆ, ಆ ದ್ವೀಪದಲ್ಲಿ ಮರವೂ ಉಳಿಯದು, ಮರದ ಕೆಳಗಿನ ನೆಲವೂ ಉಳಿಯದು. ನನ್ನ ಮಗಳು ಇಂಗ್ಲಿಷಿನಲ್ಲಿ ಏನೋ ಹೇಳಿ ನನ್ನ ಮುಖ ನೋಡಿದಳು. ನನಗೆ ಇಂಗ್ಲಿಷ್ ಅಷ್ಟು ಬಾರದು. ಆದರೆ ಆ ನೋಟ ಯಾವ ಭಾಷೆಯದ್ದಾದರೂ ಅರ್ಥವಾಗುತ್ತದೆ.

ಇಷ್ಟಕ್ಕೇ ಆಗಿದ್ದರೆ ನಾನು ನಿನ್ನನ್ನು ಒಬ್ಬ ಸುಳ್ಳು ಹೇಳಿದ ವ್ಯಾಪಾರಿ ಎಂದು ಬೈದು ಬಿಡುತ್ತಿದ್ದೆ. ನಿನ್ನನ್ನು ಬೈಯುವುದು ನನಗೆ ಹೊಸತೇ? ಆದರೆ ಡಿಸೆಂಬರಿನಲ್ಲಿ ಹವೋ ಅಂಗಡಿಗೆ ಬಂದಳು. ನಿನಗೆ ಅವಳು ಗೊತ್ತಿಲ್ಲ, ನೀನು ಹೋದ ಮೇಲೆ ಬರತೊಡಗಿದವಳು. ನಮ್ಮ ಬೀದಿಯ ಕೊನೆಯಲ್ಲಿರುವ ಹೆಣ್ಣುಮಕ್ಕಳ ಶಾಲೆಯಲ್ಲಿ ಗುಡಿಸಿ ಒರೆಸುವ ಕೆಲಸ ಅವಳದ್ದು. ಸೊಮಾಲಿಯಾದವಳು. ವಯಸ್ಸು ನಮ್ಮ ಜೈನಬಾಳಷ್ಟೇ, ಮಾತು ಮಾತ್ರ ಉಮ್ಮನ ಹಾಗೆ, ನೇರ. ಮನೆಯಲ್ಲಿ ಧೂಪ ಹಾಕುವುದಕ್ಕೆಂದು ಸಣ್ಣ ಚೀಲದಲ್ಲಿ ಇದ್ದಲು ಒಯ್ಯುತ್ತಾಳೆ. ಅವಳ ಅರಬ್ಬಿ ಅರ್ಧ, ನನ್ನ ಅರಬ್ಬಿ ಅರ್ಧ, ಎರಡೂ ಸೇರಿ ನಮ್ಮ ಮಾತು ಪೂರ್ತಿ.

ಆ ದಿನ ಅವಳು ನಗುತ್ತಾ ಬಂದಳು. ಹಿಂದಿನ ದಿನ ಒಯ್ದಿದ್ದ ಇದ್ದಲನ್ನು ಹೊತ್ತಿಸಿದಾಗ ಮೊದಲು ಎದ್ದ ಹೊಗೆಯಲ್ಲೇ ಗುರುತು ಸಿಕ್ಕಿತಂತೆ. "ಇದು ಗಲೂಲ್. ನಮ್ಮ ಮರ," ಎಂದಳು. ಮುಳ್ಳಿನ, ಕೊಡೆಯ ಹಾಗೆ ಹರಡುವ ಮರವಂತೆ. ಸೈನಬಾಳಿಗೆ ಎಂದು ಕಾಗದದಲ್ಲಿ ಕಟ್ಟಿದ ಧೂಪದ ಪುಡಿಯನ್ನೂ ತಂದಿದ್ದಳು. ಆಮೇಲೆ ಅವಳು ನನ್ನನ್ನು ಕೇಳಿದ ಪ್ರಶ್ನೆಯನ್ನು ನಾನು ಸಾಯುವವರೆಗೆ ಮರೆಯಲಾರೆ. "ನಿಷೇಧ ತೆಗೆದರಾ? ಹಾಗಾದರೆ ನಮ್ಮಲ್ಲಿ ಜಗಳ ನಿಂತಿತಾ?" ಎಂದು ಕೇಳಿದಳು. ಇದ್ದಲು ಅಂಗಡಿಗೆ ಬಂದಿದೆ ಎಂದರೆ ದಾರಿ ತೆರೆದಿದೆ, ದಾರಿ ತೆರೆದಿದೆ ಎಂದರೆ ಊರು ತಣ್ಣಗಾಗಿದೆ ಎಂದು ಅವಳು ಲೆಕ್ಕ ಹಾಕಿಕೊಂಡು ಬಂದಿದ್ದಳು. ರಾತ್ರಿಯೆಲ್ಲ ನಿದ್ದೆ ಬರಲಿಲ್ಲವಂತೆ, ಖುಷಿಗೆ. ಊರಿಗೆ ಹೋಗಲು ಯಾರನ್ನು ಕೇಳಬೇಕು ಎಂದು ಯೋಚಿಸುತ್ತಿದ್ದಳಂತೆ.

ನನಗೆ ಗೊತ್ತಿಲ್ಲ, ತಮ್ಮ ಕಳಿಸುತ್ತಾನೆ ಎಂದೆ. ಅವಳು ಮೂಲೆಯಲ್ಲಿದ್ದ ಮೂಟೆಯ ಹತ್ತಿರ ಹೋಗಿ ಅದರ ಮೇಲಿನ ಅರಬ್ಬಿ ಅಕ್ಷರಗಳನ್ನು ಒಂದೊಂದಾಗಿ ಓದಿದಳು. ದ್ವೀಪದ ಹೆಸರನ್ನು ಎರಡು ಸಲ ಓದಿದಳು. ಆಮೇಲೆ ಗಿರಾಕಿಗಳಿಗೆಂದು ಇಟ್ಟ ಸ್ಟೂಲಿನ ಮೇಲೆ ಕೂತಳು. ನಾನು ನೀರು ಕೊಟ್ಟೆ, ಕುಡಿಯಲಿಲ್ಲ, ಕೈಯಲ್ಲಿ ಹಿಡಿದುಕೊಂಡೇ ಮಾತಾಡಿದಳು.

ಅವಳ ಊರು ಕಿಸ್ಮಾಯೋ ಬಂದರಿನಿಂದ ಒಳಗೆ, ಆಡು ಒಂಟೆ ಸಾಕುವವರ ಸೀಮೆ. ಅಲ್ಲಿ ಮರ ಯಾರೊಬ್ಬರದ್ದೂ ಅಲ್ಲ ಎಂದು ನೀನು ಆಮೇಲೆ ಫೋನಿನಲ್ಲಿ ಹೇಳಿದೆಯಲ್ಲ, ಅದು ಸುಳ್ಳು. ಯಾರೊಬ್ಬರದ್ದೂ ಅಲ್ಲ ಎಂದರೆ ಎಲ್ಲರದ್ದೂ ಎಂದು ಅರ್ಥ. ಅವಳ ದೊಡ್ಡಪ್ಪನೂ ಇನ್ನು ಕೆಲವು ಹಿರಿಯರೂ ಕೂತು, ಈ ಬೇಸಿಗೆಗೆ ಯಾವ ತೋಪಿನಲ್ಲಿ ಆಡು ಬಿಡಬೇಕು, ಯಾವುದನ್ನು ಮುಚ್ಚಬೇಕು, ಯಾವ ಬಾವಿಯ ನೀರನ್ನು ಕೊನೆಗೆ ಇಡಬೇಕು ಎಂದು ತೀರ್ಮಾನ ಮಾಡುತ್ತಿದ್ದರಂತೆ. ಮುಚ್ಚಿದ ತೋಪಿನ ಕೊಂಬೆಯನ್ನು ಸ್ವಂತ ಮಗ ಕಡಿದರೂ ದಂಡವಾಗಿ ಒಂದು ಆಡು ಕೊಡಬೇಕು. ಮಳೆ ತಪ್ಪಿದ ವರ್ಷಗಳಲ್ಲಿ ಹುಲ್ಲು ಒಣಗಿ ಹೋದ ಮೇಲೂ ಗಲೂಲ್ ಹಸಿರಾಗಿರುತ್ತದಂತೆ, ಅದರ ಎಲೆ ಮತ್ತು ಕಾಯಿಯಲ್ಲೇ ಆಡುಗಳು ಬದುಕುತ್ತಿದ್ದವಂತೆ. ಮೊದಲೆಲ್ಲ ಮಳೆ ಅಪರೂಪಕ್ಕೆ ತಪ್ಪುತ್ತಿತ್ತು. ಅವಳು ಮದುವೆಯಾಗುವ ಹೊತ್ತಿಗೆ ಬರುವುದೇ ಅಪರೂಪವಾಯಿತು. ಆಡು ಸತ್ತ ಮನೆಗಳು ಹೆಚ್ಚಿದವು. ಅದೇ ಹೊತ್ತಿಗೆ ಬಂದೂಕಿನವರು ಮರ ಕೊಯ್ಯುವ ಮೆಶಿನು ತಂದರು. ಕಡಿದವರು ಯಾರು ಎಂದು ಕೇಳಿದೆ. ಹೊರಗಿನವರು ಎಂದು ಹೇಳುತ್ತಾಳೆ ಅಂದುಕೊಂಡಿದ್ದೆ. ಅವಳು ತಲೆ ಅಲ್ಲಾಡಿಸಿದಳು. ಆಡು ಕಳೆದುಕೊಂಡ ತಮ್ಮವರೇ ಕಡಿದರಂತೆ. ಬೇರೆ ಕೆಲಸ ಇರಲಿಲ್ಲ. ಒಂದು ಕಡೆಯ ಬಂದೂಕಿನವರು ಹೋಗಿ ಇನ್ನೊಂದು ಕಡೆಯವರು ಬಂದರೂ ಮೂಟೆಗಿಷ್ಟು ಎಂಬ ಸುಂಕ ಮಾತ್ರ ನಿಲ್ಲಲಿಲ್ಲವಂತೆ. ದೊಡ್ಡಪ್ಪ ಮುಚ್ಚಿದ ತೋಪಿನ ಮುಂದೆ ಹೋಗಿ ನಿಂತ. ಈ ತೋಪು ಮುಂದಿನ ಬೇಸಿಗೆಗೆ, ಈಗ ಮುಟ್ಟಬೇಡಿ ಎಂದ. ಬಂದೂಕಿನವರು ಅವನನ್ನು ಅಲ್ಲೇ ಹೊಡೆದು ಹಾಕಿದರು. ಹೆಣ ಎತ್ತಲು ಬಂದವರ ಎದುರಿಗೇ ಮೆಶಿನು ಶುರು ಮಾಡಿದರು.

ಆಮೇಲೆ 2011ರ ಬರ. ನಿನಗೆ ನೆನಪಿರಬೇಕು. ಆಡುಗಳಿಗೆ ಬಾಯಿ ಹಾಕಲು ಒಂದು ಎಲೆ ಉಳಿದಿರಲಿಲ್ಲ. ಹವೋಳ ತಂಗಿ ಮೂರು ಮಕ್ಕಳನ್ನು ಕರೆದುಕೊಂಡು ಕೆನ್ಯಾ ಗಡಿಯ ಶಿಬಿರಕ್ಕೆ ನಡೆದಳು. ಒಂದು ಮಗುವಿನೊಡನೆ ತಲುಪಿದಳು. ಇಷ್ಟನ್ನೂ ಹವೋ ನನಗೆ ಶಾಲೆಯ ಸುದ್ದಿ ಹೇಳುವ ದನಿಯಲ್ಲೇ ಹೇಳಿದಳು. ಕೊನೆಗೆ ಮಾತ್ರ ಹೇಳಿದಳು, ದಾರಿಯಲ್ಲಿ ನೆರಳು ಇದ್ದಿದ್ದರೆ ಚಿಕ್ಕವನಾದರೂ ಉಳಿಯುತ್ತಿದ್ದ, ತಂಗಿ ಮೊದಲು ಅದೇ ದಾರಿಯಲ್ಲಿ ತವರಿಗೆ ಬರುತ್ತಿದ್ದವಳು, ಆಗ ಎಲ್ಲಿ ಬೇಕಾದರೂ ಕೂರಬಹುದಿತ್ತು ಎಂದು.

ಮರುದಿನ ಹವೋ ಮತ್ತೆ ಬಂದಳು. ಉಳಿದಿದ್ದ ಇದ್ದಲನ್ನು ಅದೇ ಚೀಲದಲ್ಲಿ ತಂದು ನನ್ನ ಮುಂದೆ ಇಟ್ಟಳು. ಹಣ ವಾಪಸು ಕೊಡಲು ಹೋದೆ, ಕೈ ಹಿಂದಕ್ಕೆ ಎಳೆದುಕೊಂಡಳು. ನನ್ನ ಮೇಲೆ ಸಿಟ್ಟೇ ಎಂದು ಕೇಳಿದೆ. "ಇದೆ," ಎಂದಳು. "ನಿನ್ನ ತಮ್ಮನ ಮೇಲೆ ಇರುವಷ್ಟಲ್ಲ." ಅಷ್ಟು ಹೇಳಿ ಹೋದವಳು ಮತ್ತೆ ನಮ್ಮ ಅಂಗಡಿಯ ಮುಂದೆ ನಡೆಯುವುದನ್ನೇ ಬಿಟ್ಟಿದ್ದಾಳೆ. ರಸ್ತೆಯ ಆಚೆ ಬದಿಯಲ್ಲಿ ಹೋಗುತ್ತಾಳೆ.

ಅಂದೇ ನಾನು ಮಾರಾಟ ನಿಲ್ಲಿಸಿ, ನಿನಗೆ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. ಆ ಒಂದು ದಿನ ಮಾತ್ರ ನೀನು ನೆಟ್‌ವರ್ಕ್ ಎನ್ನಲಿಲ್ಲ, ಪೂರ್ತಿ ಕೇಳಿದೆ. ಕೇಳಿದ ಮೇಲೆ ನೀನು ಹೇಳಿದ ಮಾತನ್ನು ನಿನಗೇ ಬರೆದು ತೋರಿಸುತ್ತೇನೆ, ಕಣ್ಣಾರೆ ಓದು. "ಅಣ್ಣಾ, ಆ ದೇಶದಲ್ಲಿ ಮಳೆಯೇ ನಿಂತು ಹೋಗಿದೆ. ಹವಾಮಾನವೇ ಬದಲಾಗಿದೆ. ಆ ಮರಗಳು ಹೇಗೂ ಒಣಗಿ ಸಾಯುವಂಥವು. ಸಾಯುವ ಮರ ನಾವು ಸುಟ್ಟರೆ ಎಂತ?"

ನಿಸಾರ್, ಸುಳ್ಳು ಹೇಳಿದ್ದನ್ನು ನಾನು ಮರೆಯಬಹುದು. ಈ ಮಾತನ್ನು ಮರೆಯುವುದಿಲ್ಲ. ನಮ್ಮ ಬಾಪ ಆಸ್ಪತ್ರೆಯಲ್ಲಿ ಮಲಗಿದ್ದಾಗ ಡಾಕ್ಟರು ಇನ್ನು ಹೆಚ್ಚು ದಿನ ಇಲ್ಲ ಎಂದಿದ್ದರು. ಹೇಗೂ ಹೋಗುವ ಜೀವ ಎಂದು ನಾವು ಅವರ ಹಾಸಿಗೆ ಮಾರಿದೆವೇ? ಮೈ ಕೈ ಒತ್ತುತ್ತಾ ಕೂತೆವು. ನೀನೂ ಕೂತೆ, ನನಗಿಂತ ಹೆಚ್ಚು ಕೂತೆ. ಮಳೆ ಕಡಿಮೆಯಾದರೆ ಇರುವ ಮರವನ್ನು ಇನ್ನಷ್ಟು ಜೋಪಾನ ಮಾಡಬೇಕು ಎಂದು ಓದು ಬಾರದ ಆ ದೊಡ್ಡಪ್ಪನಿಗೆ ತಿಳಿದಿತ್ತು, ಅದಕ್ಕಾಗಿ ಸತ್ತ. ಬಿ.ಕಾಂ. ಓದಿದ ನಿನಗೆ ಮಳೆ ಕಡಿಮೆಯಾದದ್ದು ಒಂದು ಸೌಕರ್ಯವಾಗಿ ಕಂಡಿತು. ನೀನು ಯಾರಿಗೂ ಗುಂಡು ಹೊಡೆದಿಲ್ಲ, ಒಪ್ಪಿದೆ. ಬಂದೂಕಿನವನಿಗೆ ಸುಂಕ ಕೊಟ್ಟವನಿಗೆ ಹಣ ಕೊಟ್ಟವನು ನೀನು. ನಡುವೆ ಇಬ್ಬರು ಮೂವರು ನಿಂತಿದ್ದಾರೆ ಎಂದು ನಿನ್ನ ಕೈ ತೊಳೆದ ಹಾಗಾಗುವುದಿಲ್ಲ. ನಾವು ಬಿಟ್ಟರೆ ಬೇರೆಯವರು ಮಾಡುತ್ತಾರೆ ಎಂದೂ ನೀನು ಹೇಳಿದೆ. ಮಾಡಲಿ. ಅವರ ಅಣ್ಣಂದಿರು ಅವರಿಗೆ ಕಾಗದ ಬರೆಯಲಿ.

ಆ ಬರದ ವರ್ಷದ ರಂಜಾನಿನಲ್ಲಿ ನಮ್ಮ ಜಮಾತಿನವರು ಇಫ್ತಾರ್ ಕೂಟದಲ್ಲಿ ಸೊಮಾಲಿಯಾದ ಮಕ್ಕಳಿಗೆಂದು ದುಡ್ಡು ಎತ್ತಿದರು. ನಾನೇ ಡಬ್ಬಿ ಹಿಡಿದು ಸಾಲು ಸಾಲಿಗೆ ಹೋಗಿದ್ದೆ. ನೀನು ಎಲ್ಲರಿಗಿಂತ ಹೆಚ್ಚು ಹಾಕಿದೆ. ನಿನ್ನ ಕಣ್ಣಲ್ಲಿ ನೀರಿತ್ತು, ನಾನು ನೋಡಿದ್ದೇನೆ, ಅದು ನಾಟಕವಲ್ಲ. ಅದೇ ನನಗೆ ತಲೆ ಕೆಡಿಸುವುದು. ಅಳುವ ಮನುಷ್ಯನೇ ಮೂರು ವರ್ಷ ಕಳೆಯುವುದರೊಳಗೆ ಅದೇ ಮಕ್ಕಳ ನೆರಳನ್ನು ಮೂಟೆ ಕಟ್ಟಿ ಅಣ್ಣನ ಅಂಗಡಿಗೆ ಕಳಿಸಿದ. ನೀನು ಕಟುಕನಾಗಿ ಹುಟ್ಟಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ.

ನಿನಗೆ ಯುದ್ಧ ಎಂದರೆ ಟೀವಿ. ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದ ತೊಂಬತ್ತರಲ್ಲಿ ನಾನು ಇಲ್ಲಿದ್ದವನು. ಬಸ್ಸು, ಲಾರಿ ಹತ್ತಿ ಇರಾಕಿನ ಮಾರ್ಗವಾಗಿ ಜೋರ್ಡಾನಿಗೆ ಹೋಗಿ ಅಲ್ಲಿಂದ ವಿಮಾನದಲ್ಲಿ ಊರು ಸೇರಿದವನು. ಮರುವರ್ಷ ತಿರುಗಿ ಬಂದಾಗ ಎಣ್ಣೆಬಾವಿಗಳು ಇನ್ನೂ ಉರಿಯುತ್ತಿದ್ದವು. ನಡುಹಗಲು ಕಾರುಗಳು ದೀಪ ಹಾಕಿಕೊಂಡು ಓಡುತ್ತಿದ್ದವು. ಒಣಹಾಕಿದ ಬಿಳಿ ಅಂಗಿಯ ಮೇಲೆ ಎಣ್ಣೆಯ ಹನಿ ಬೀಳುತ್ತಿತ್ತು. ನೆಲದ ಸಂಪತ್ತನ್ನು ಸೋತವನೂ ಗೆದ್ದವನೂ ಏನು ಮಾಡುತ್ತಾರೆ ಎಂದು ಮೂಗಿನಿಂದಲೇ ಕಲಿತಿದ್ದೇನೆ. ಟ್ಯಾಂಕುಗಳು ಉಜ್ಜಿ ಹೋದ ಮರಳಿನಲ್ಲಿ ಅರ್ಫಜ್ ಗಿಡ ತಿರುಗಿ ಚಿಗುರಲಿ ಎಂದು ಈ ಕುವೈತಿಗಳು ಈಗ ಎಷ್ಟು ಕಡೆ ಬೇಲಿ ಹಾಕಿದ್ದಾರೆ. ಮೊಣಕಾಲೆತ್ತರದ ಗಿಡ. ವಸಂತದಲ್ಲಿ ಹಳದಿ ಹೂ ಬಿಟ್ಟರೆ ಫೋಟೊ ತೆಗೆಯಲು ಜನ ಹೋಗುತ್ತಾರೆ. ಒಳ್ಳೆಯದೇ. ತಮ್ಮ ಗಿಡಕ್ಕೆ ಬೇಲಿ ಹಾಕಿ, ಅದರ ಪಕ್ಕದಲ್ಲೇ ಡೇರೆ ಊರಿ, ಹವೋಳ ಮರ ಸುಟ್ಟು ಮಾಂಸ ಬೇಯಿಸುತ್ತಾರೆ. ಅವರಿಗೆ ಗೊತ್ತಿಲ್ಲ ಎನ್ನಬಹುದು. ಮೂಟೆಯ ಮೇಲೆ ಸುಳ್ಳು ಹೆಸರು ಹಾಕಿದವನಿಗೆ ಗೊತ್ತಿತ್ತು.

ಹೊಸವರ್ಷ ಕಳೆದ ಮೇಲೆ, ಅಂಗಡಿ ಯಾರ ಹೆಸರಿನಲ್ಲಿದೆಯೋ ಆ ಕಫೀಲ್ ಅಬೂ ಮಿಶಾಲ್ ನನ್ನನ್ನು ಕರೆಸಿದರು. ಶೀಶಾ ಅಂಗಡಿಯವರು ಅವರಿಗೆ ಫೋನ್ ಮಾಡಿ, ಗೋದಾಮು ತುಂಬ ಮಾಲಿಟ್ಟುಕೊಂಡು ನಿಮ್ಮ ಇಂಡಿಯಾದವನು ಕೊಡುತ್ತಿಲ್ಲ ಎಂದು ದೂರಿದ್ದರಂತೆ. ಅಬೂ ಮಿಶಾಲ್ ಕೆಟ್ಟವರಲ್ಲ, ನಿನಗೂ ಗೊತ್ತು, ನಿನ್ನ ಇಕಾಮಾಕ್ಕೆ, ಇಲ್ಲಿ ವಾಸದ ಪರವಾನಗಿಗೆ, ಓಡಾಡಿದವರು. ಚಹಾ ಕೊಡಿಸಿ ಎಲ್ಲ ಕೇಳಿಸಿಕೊಂಡರು. ಬಹಳ ಹೊತ್ತು ಜಪಮಾಲೆ ಎಣಿಸಿದರು. ಕೊನೆಗೆ, ಬಂದದ್ದು ಬಂದಾಯಿತು ಪುತ್ತಬ್ಬ, ಇದೊಂದನ್ನು ಮಾರಿಬಿಡು, ಮುಂದೆ ತರಿಸಬೇಡ ಎಂದರು. ಆಗದು ಎಂದೆ. ಇಷ್ಟು ವರ್ಷದಲ್ಲಿ ಅವರಿಗೆ ನಾನು ಹೇಳಿದ ಮೊದಲನೆಯ ಆಗದು. ಅವರ ಮುಖ ಕೆಂಪಾಯಿತು. ಹಾಗಾದರೆ ತಿಂಗಳ ಕೊನೆಗೆ ಕೀಲಿಕೈ ಕೊಟ್ಟು ಹೋಗು, ಲೈಸೆನ್ಸ್ ನನ್ನದು, ಬೇರೆ ಯಾರನ್ನಾದರೂ ಕೂರಿಸುತ್ತೇನೆ ಎಂದರು. ಸರಿ ಎಂದು ಎದ್ದು ಬಂದೆ. ಚಹಾ ಪೂರ್ತಿ ಕುಡಿದೇ ಎದ್ದೆ, ಮರ್ಯಾದೆ ಬಿಡಲಿಲ್ಲ.

ಮನೆಗೆ ಬಂದು ಸೈನಬಾಳಿಗೆ ಹೇಳಿದೆ. ಫಿದಾಳ ಪರೀಕ್ಷೆ ಮುಗಿಯುವವರೆಗಾದರೂ ತಡೆಯಬಹುದಿತ್ತಲ್ಲ ಎಂದು ಅತ್ತಳು. ಅವಳು ಅತ್ತದ್ದು ನ್ಯಾಯವೇ. ಈ ಮನೆ, ಆ ಮಗುವಿನ ಶಾಲೆ, ಉಮ್ಮನ ಔಷಧಿ, ಎಲ್ಲ ಆ ಕರಿ ಅಂಗಡಿಯಿಂದಲೇ ಬಂದದ್ದು. ಆದರೆ ಕಣ್ಣು ಒರೆಸಿಕೊಂಡು ಅವಳೇ ಹೇಳಿದಳು, ಹವೋ ಕೊಟ್ಟ ಧೂಪವನ್ನು ತಾನು ಈವರೆಗೆ ಹಾಕಿಲ್ಲ, ಹಾಕಲು ಧೈರ್ಯ ಬಂದಿಲ್ಲ ಎಂದು. ಪುರಂದರನಿಗೆ ಮಂಗಳೂರಿನವರೊಬ್ಬರ ತರಕಾರಿ ಲಾರಿಯಲ್ಲಿ ಕೆಲಸ ಗೊತ್ತು ಮಾಡಿದ್ದೇನೆ. ಅವನು ಹೋಗಲು ಒಪ್ಪುತ್ತಿಲ್ಲ. ಖಾಲಿ ಅಂಗಡಿಯಲ್ಲಿ ನನ್ನ ಜೊತೆ ದಿನವಿಡೀ ಕೂತು ಪೇಪರ್ ಓದುತ್ತಾನೆ.

ಇಷ್ಟೆಲ್ಲ ಆಗುತ್ತಿರುವಾಗ ಮೊನ್ನೆ ನೀನು ಪುರಂದರನಿಗೆ ಫೋನ್ ಮಾಡಿದೆ. ನನಗಲ್ಲ, ಅವನಿಗೆ. ಇನ್ನೊಂದು ಲೋಡು, ಮೊದಲಿನದಕ್ಕಿಂತ ದೊಡ್ಡದು, ಶುಕ್ರವಾರ ಅಲ್ಲಿಂದ ಹೊರಡುತ್ತದೆ, ಅಣ್ಣನಿಗೆ ಈಗಲೇ ಹೇಳಬೇಡ, ಸೋಮವಾರ ನಾನೇ ವಿಮಾನದಲ್ಲಿ ಬಂದು ನುವೈಸೀಬ್ ಗಡಿಯಲ್ಲಿ ನಿಂತು ಬಿಡಿಸಿಕೊಳ್ಳುತ್ತೇನೆ, ಅಣ್ಣನನ್ನು ಎದುರಿಗೆ ಕೂರಿಸಿ ಸಮಾಧಾನ ಮಾಡುತ್ತೇನೆ ಎಂದೆಯಂತೆ. ಪುರಂದರ ಫೋನ್ ಇಟ್ಟು ನೇರ ನನ್ನ ಹತ್ತಿರ ಬಂದು ಅಕ್ಷರ ಬಿಡದೆ ಹೇಳಿದ. ಹೇಳುವಾಗ ನನ್ನ ಮುಖ ನೋಡಲಿಲ್ಲ. ನನ್ನ ತಮ್ಮನ ಮಾತನ್ನು ನನಗೆ ಹೇಳಲು ಇನ್ನೊಬ್ಬರ ಮಗ ನಾಚಿಕೊಂಡ.

ಸಮಾಧಾನ ಮಾಡಲು ನಾನು ಮುನಿಸಿಕೊಂಡ ಮಗುವಲ್ಲ ನಿಸಾರ್. ಇಪ್ಪತ್ತೊಂದು ವರ್ಷದವನನ್ನು ನಾನು ಇಲ್ಲಿಗೆ ಕರೆಸಿಕೊಂಡೆ. ತೂಕದ ಕಲ್ಲು ಹಿಡಿಯಲು ಕಲಿಸಿದೆ, ಒದ್ದೆ ಇದ್ದಲನ್ನು ಒಣ ಇದ್ದಲಿನ ದರಕ್ಕೆ ಕೊಡಬಾರದು ಎಂದು ಕಲಿಸಿದೆ. ನೀನು ಎಲ್ಲ ಕಲಿತೆ. ಮಾಲು ಎಲ್ಲಿಂದ ಬಂತು ಎಂದು ಕೇಳುವುದನ್ನು ಮಾತ್ರ ಬಿಟ್ಟೆ. ಇನ್ನು ಈ ಕೆಲಸ ಬಿಡು ಎಂದು ಬೇಡಿಕೊಳ್ಳುವುದಿಲ್ಲ. ಬೇಡಿಕೊಂಡಾಯಿತು. ಫೋನಿನಲ್ಲಿ ಬೇಡಿಕೊಂಡಾಗ ನೀನು ನೆಟ್‌ವರ್ಕ್ ಇಲ್ಲ ಎಂದೆ.

ಉಮ್ಮನಿಗೆ ನಾನು ಏನೂ ಹೇಳಿಲ್ಲ. ಕಣ್ಣಿಗೆ ಈಗ ಒತ್ತಡ ಆಗಬಾರದು. ಸಫೂರಾಳಿಗೆ ಒಂದು ಫೋನ್ ಮಾಡು, ಇದ್ದಲಿನ ಮಾತು ಬೇಡ, ಮಗು ಹೇಗಿದೆ ಎಂದು ಕೇಳು. ಹೊತ್ತಿಗೆ ಸರಿಯಾಗಿ ಊಟ ಮಾಡು. ಬೆನ್ನಿಗೆ ಎಣ್ಣೆ ಹಚ್ಚು, ಹಚ್ಚಿದ ಮೇಲೆ ಗಾಳಿಗೆ ಕೂರಬೇಡ. ನಿನ್ನ ಅತ್ತಿಗೆಯ ಸಲಾಂ. ಫಿದಾ ಸಲಾಂ ಹೇಳಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ಅಲ್ಲಾಹನು ನಿನ್ನನ್ನು ಕಾಯಲಿ, ನಿನಗೆ ನಾಚಿಕೆ ಪಡುವ ಮನಸ್ಸನ್ನು ತಿರುಗಿ ಕೊಡಲಿ ಎಂದು ಬೇಡುವ

ನಿನ್ನ ಅಣ್ಣ,
ಪುತ್ತಬ್ಬ

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಇಲ್ಲಿಯವರೆಗೆ ತಡೆದಿದ್ದೆ. ಅಬ್ದುಲ್ ರಹಿಮಾನ್ ಬಂದು ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ, ಅದಕ್ಕೆ ಅಕ್ಷರ ಹೀಗಿದೆ. ಇವತ್ತು ಬೆಳಿಗ್ಗೆ ನಾನು ಕಸ್ಟಮ್ಸ್ ಕಚೇರಿಗೆ ಹೋಗಿದ್ದೆ. ಗೋದಾಮಿನ ಮೂಟೆಗಳ ವಿಷಯ, ಬರುವ ಲಾರಿಯ ವಿಷಯ ಎರಡನ್ನೂ ಹೇಳಿದೆ. ಇಳಿಸಿಕೊಂಡವನು ನಾನೇ ಎಂದು ನನ್ನ ಹೆಸರು ಮೊದಲು ಕೊಟ್ಟೆ. ಲಾರಿ ಡ್ರೈವರನಿಗೆ ಏನೂ ಗೊತ್ತಿಲ್ಲ, ಅವನನ್ನು ಹಿಡಿಯಬೇಡಿ ಎಂದೆ. ಕಳಿಸುವವರು ಯಾರು ಎಂದು ಕೇಳಿದರು. ನಿನ್ನ ಹೆಸರೂ ಹೇಳಿದೆ, ಬಾಪನ ಹೆಸರು ಸೇರಿಸಿ. ಆ ಆಫೀಸರು ಬರೆದುಕೊಂಡ ಹಾಳೆಯ ಕೆಳಗೆ ಸಹಿ ಹಾಕಿದೆ. ಈ ಕಾಗದ ಭಾನುವಾರ ನಿನ್ನ ಕೈ ಸೇರುತ್ತದೆ. ಅಷ್ಟರಲ್ಲಿ ಲಾರಿ ಹೊರಟು ಹೋಗಿರುತ್ತದೆ, ನಿನ್ನ ವಿಮಾನ ಹೊರಟಿರುವುದಿಲ್ಲ. ಲೆಕ್ಕ ಹಾಕಿಯೇ ಇವತ್ತು ಕೊಡುತ್ತಿದ್ದೇನೆ. ಸೋಮವಾರ ನೀನು ಬರಬೇಡ. ಗಡಿಯಲ್ಲಿ ಅವರು ನಿನಗಾಗಿ ಕಾದಿರುತ್ತಾರೆ. ಅಲ್ಲಿಂದಲೇ ಊರಿಗೆ ಹೋಗು, ಉಮ್ಮನ ಹತ್ತಿರ ಹೋಗು. ನನಗೆ ಇಲ್ಲಿ ಏನಾಗುತ್ತದೋ ಆಗಲಿ. ನಿನ್ನನ್ನು ಹಿಡಿದುಕೊಡಲು ಹೋದವನು ನಾನೇ, ಬರಬೇಡ ಎಂದು ಹೇಳುತ್ತಿರುವವನೂ ನಾನೇ, ಇದರಲ್ಲಿ ಯಾವುದು ತಪ್ಪು ಎಂದು ನನಗೆ ಗೊತ್ತಿಲ್ಲ. ಬರಬೇಡ.